ಚೀನೀ ಡಾಕ್ಟರೂ ಅಮ್ಮನ ಧನುರ್ಮಾಸವೂ

ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ನನ್ನ ಮಫ್ಲರಿನ ಗೇಲಿ ಶುರುವಾಗುತ್ತದೆ. ಅಬುಧಾಬಿಯಲ್ಲಿ ಮಫ್ಲರೇ ಎಂದು ನೀವೂ ಹುಬ್ಬೇರಿಸಬೇಡಿ. ವರ್ಷದ ಮುಕ್ಕಾಲು ಭಾಗ ಬೆಂದು ಬಸವಳಿದ ಊರು ಇದು. ನಾಲ್ಕು ದಿನ ತಂಪು ಗಾಳಿ ಬೀಸಿತೆಂದರೆ ಜನವೆಲ್ಲ ಮನೆ ಬಿಟ್ಟು ಹೊರಗೆ ಬಂದು, ಸಮುದ್ರದಂಡೆಯ ಹುಲ್ಲಿನ ಮೇಲೆ ಚಾಪೆ ಹಾಸಿ, ಇದ್ದಿಲ ಒಲೆ ಹೊತ್ತಿಸಿ, ಅರ್ಧ ತೋಳಿನ ಅಂಗಿಯಲ್ಲಿ ಹಬ್ಬ ಮಾಡುತ್ತಾರೆ. ಅಂಥವರ ನಡುವೆ ನಾನೊಬ್ಬಳು ಕತ್ತಿಗೆ ಮಫ್ಲರ್ ಸುತ್ತಿ, ಕಾಲುಚೀಲ ಏರಿಸಿ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು ಹಿಡಿದು ಕೂತಿರುತ್ತೇನೆ.

"ಅಮ್ಮಾ, ಇಟ್ಸ್ ಟ್ವೆಂಟಿ ಡಿಗ್ರೀಸ್! ಪೀಪಲ್ ಆರ್ ಸ್ಟೇರಿಂಗ್!" ಎನ್ನುತ್ತಾಳೆ ಮಗಳು. ಖಲೀಫಾ ಸಿಟಿಯಲ್ಲಿ ಶಾಲೆಗೆ ಹೋಗುವ ಹುಡುಗಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ.

"ನೋಡಿದ್ರೆ ನೋಡ್ಲಿ ಬಿಡೇ. ಚಳಿಗಾಲದಲ್ಲಿ ಗಾಳಿ ಮೈಯೊಳಗೆ ನುಗ್ಗೋದೇ ಕತ್ತಿನ ಹಿಂದಿನಿಂದ."

"ಹೂ ಟೋಲ್ಡ್ ಯೂ?"

ಯಾರು ಹೇಳಿದರು ಎಂದು ಹೇಳಹೊರಟರೆ ಕೇಳುವಷ್ಟು ತಾಳ್ಮೆ ಅವಳಿಗಿಲ್ಲ. ನಿಮಗಿದೆ ಎಂಬ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ಆಗಿನ್ನೂ ಇವಳು ಹುಟ್ಟಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವಿಬ್ಬರೇ, ಎಂದರೆ ನಾನು ಮತ್ತು ಇವರು, ಹಮ್ದಾನ್ ಸ್ಟ್ರೀಟಿನ ಒಂದು ಕಟ್ಟಡದಲ್ಲಿದ್ದೆವು. ಕೆಳಗಡೆ ಬಟ್ಟೆ ಅಂಗಡಿ, ಮೇಲುಗಡೆ ನಾವು. 'ಇವರು' ಎಂದರೆ ನಮ್ಮ ಯಜಮಾನರು. ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಅಮ್ಮ ತಲೆಗೆ ತುಂಬಿದ್ದು ಇನ್ನೂ ಹೋಗಿಲ್ಲ, ಕ್ಷಮಿಸಿ. ಆ ವರ್ಷವೇ ಅಣ್ಣನ ವರ್ಷದ ಕಾರ್ಯಗಳು ಮುಗಿದಿದ್ದವು. ಅಣ್ಣ ಎಂದರೆ ನಮ್ಮ ತಂದೆ. ನಮ್ಮ ಮೈಸೂರಿನ ಮನೆಯಲ್ಲಿ ತಂದೆಯನ್ನು ಹಾಗೇ ಕರೆಯುವುದು. ಒಂದು ದಿನ ತಮ್ಮ ಫೋನ್ ಮಾಡಿ, "ಅಮ್ಮ ತುಂಬ ಮಂಕಾಗಿಬಿಟ್ಟಿದಾಳೆ ಅಕ್ಕ. ಸ್ವಲ್ಪ ದಿನ ನಿನ್ನ ಹತ್ರ ಇರ್ಲಿ, ಜಾಗ ಬದಲಾದ್ರೆ ಸರಿಹೋಗಬಹುದು" ಅಂದ. ಇವರು ವಿಸಿಟ್ ವೀಸಾ ಮಾಡಿಸಿದರು. ನವರಾತ್ರಿಯ ಹೊತ್ತಿಗೆ ಅಮ್ಮ ಬಂದಿಳಿದಳು. ಹೊರಗೆ ಧಗಧಗ ಉರಿಯುವ ಸೆಖೆ. ಅಮ್ಮನ ತೋಳಿನ ಮೇಲೆ ಅಣ್ಣನ ಕಂದು ಸ್ವೆಟರು. ವಿಮಾನದಲ್ಲಿ ಚಳಿಯಾದರೆ ಎಂದು ತಂದಳಂತೆ.

ಬಂದ ದಿನವೇ ಇವರು ಅತ್ತೆಗೆ ಮನೆಯ ಪಾಠವೆಲ್ಲ ಮಾಡಿದರು. ಗ್ಯಾಸ್ ಹೀಗೆ, ಬೀಗ ಹೀಗೆ, ಲಿಫ್ಟು ಹೀಗೆ. ಕೊನೆಗೆ ಬಚ್ಚಲುಮನೆಯ ನಲ್ಲಿ. ಇಲ್ಲಿಯ ನಲ್ಲಿಗಳ ವಿಚಾರ ಗಲ್ಫಿನಲ್ಲಿ ಬಾಳಿದವರಿಗಷ್ಟೇ ಗೊತ್ತು. ನೀರಿನ ಟ್ಯಾಂಕು ಇರುವುದು ತಾರಸಿಯ ಮೇಲೆ, ಬಿಸಿಲಿನಲ್ಲಿ. ಬೇಸಿಗೆಯಲ್ಲಿ ತಣ್ಣೀರೆಂದು ನೀಲಿ ಗುರುತಿನ ನಲ್ಲಿ ತಿರುಗಿಸಿದರೆ ಕೈಗೆ ಬೊಬ್ಬೆ ಬರುವಂಥ ನೀರು ಸುರಿಯುತ್ತದೆ. ಆಗ ನಾವೆಲ್ಲ ಹೀಟರಿನ ಸ್ವಿಚ್ಚು ಆರಿಸಿಬಿಡುತ್ತೇವೆ. ಬಚ್ಚಲೊಳಗೆ ನೆರಳಿನಲ್ಲಿರುವ ಹೀಟರಿನ ನೀರೇ ಆಗ ನಮಗೆ ತಣ್ಣೀರು. ಕೆಂಪು ಗುರುತಿನ ನಲ್ಲಿ ತಿರುಗಿಸಿದರೆ ತಂಪು, ನೀಲಿಯದು ತಿರುಗಿಸಿದರೆ ಬಿಸಿ. ಊರಿಗೆಲ್ಲ ಒಂದು ದಾರಿಯಾದರೆ ನಮ್ಮದು ಇನ್ನೊಂದು.

"ಅತ್ತೆ, ನೆನಪಿಟ್ಕೊಳ್ಳಿ, ನೀಲಿ ಬಿಸಿ, ಕೆಂಪು ತಣ್ಣಗೆ" ಎಂದು ಇವರು ಕೈಬೆರಳು ಮಡಿಸಿ ಹೇಳಿಕೊಟ್ಟರು. ಅಮ್ಮ ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದಳು.

ನವೆಂಬರ್ ಕಳೆಯುವ ಹೊತ್ತಿಗೆ ಅಮ್ಮನಿಗೆ ಚಳಿ ಹಿಡಿಯಿತು. ಜ್ವರದ ಚಳಿಯಲ್ಲ. ಕೆಮ್ಮಿಲ್ಲ, ನೆಗಡಿಯಿಲ್ಲ. "ಮೂಳೆಯೊಳಗೆ ಏನೋ ಕೊರೀತಾ ಇದೆ ಕಣೇ" ಅನ್ನುವಳು. ನಡುಮನೆಯಲ್ಲಿ ನಾವು ಫ್ಯಾನ್ ಹಾಕಿಕೊಂಡು ಕೂತಿದ್ದರೆ ಅವಳು ಸೀರೆಯ ಮೇಲೆ ಅಣ್ಣನ ಸ್ವೆಟರ್ ತೊಟ್ಟು, ಅದರ ಮೇಲೊಂದು ಶಾಲು ಹೊದ್ದು, ಕಾಲು ಮಡಿಸಿ ಸೋಫಾದ ಮೂಲೆಯಲ್ಲಿ ಮುದುರಿರುವಳು. ಕಾಲು ಮುಟ್ಟಿದರೆ ಮಂಜುಗಡ್ಡೆ. ಊಟ ದಿನದಿನಕ್ಕೂ ಕಮ್ಮಿಯಾಯಿತು. ಆಮೇಲೆ ಮಾತು ಕಮ್ಮಿಯಾಯಿತು. ನಮ್ಮಮ್ಮ ಮಾತು ಕಮ್ಮಿ ಮಾಡುವುದೆಂದರೆ ಸಾಮಾನ್ಯದ ಸಂಗತಿಯಲ್ಲ. ಇಲ್ಲಿಯ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. ರಕ್ತ, ಎದೆ, ಥೈರಾಯ್ಡು, ಏನೇನಿದೆಯೋ ಎಲ್ಲ ಪರೀಕ್ಷೆಯೂ ಆಯಿತು. ಎಲ್ಲವೂ ಚೆನ್ನಾಗಿದೆ, ವಯಸ್ಸಾಯಿತಲ್ಲ ಎಂದರು. ಇವರು ಎಂಜಿನಿಯರು. ರಿಪೋರ್ಟು ನೋಡಿ, "ಎಲ್ಲಾ ನಾರ್ಮಲ್, ಇನ್ನೇನು ಯೋಚನೆ?" ಎಂದು ನಿರಾಳವಾದರು. ನನಗೆ ಇನ್ನೂ ಹೆದರಿಕೆಯಾಯಿತು.

ಯಾಕೆಂದರೆ ಅದರ ಹಿಂದಿನ ದಿನವೇ ಅಮ್ಮ, ಹುರುಳಿಕಾಯಿ ಬಿಡಿಸುತ್ತ ಕೂತವಳು, ತಲೆಯೆತ್ತದೆ ಹೇಳಿದ್ದಳು: "ನನ್ನನ್ನ ಬೇಗ ಊರಿಗೆ ಕಳಿಸಿಬಿಡು. ಇಲ್ಲೇ ಏನಾದ್ರೂ ಆಗಿಹೋದ್ರೆ ಪಾಪ ಅಳಿಯಂದಿರಿಗೆ ಓಡಾಟ."

ಎಷ್ಟು ಸಲೀಸಾಗಿ ಅಂದಳು ಎಂದರೆ, ಹಾಲಿನವನಿಗೆ ನಾಳೆ ಬೇಡವೆಂದು ಹೇಳುವ ಧಾಟಿ. ಅಮ್ಮ ಅಣ್ಣನ ಹಿಂದೆ ಹೊರಡಲು ಮನಸ್ಸು ಮಾಡಿಬಿಟ್ಟಿದ್ದಾಳೆ ಎಂದು ನನಗೆ ಆಗ ಖಾತ್ರಿಯಾಯಿತು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಈ ನಡುವೆ ಧನುರ್ಮಾಸ ಬಂತು. ನಮ್ಮ ಮನೆಯ ಧನುರ್ಮಾಸದ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಆ ತಿಂಗಳಲ್ಲಿ ಸೂರ್ಯ ಹುಟ್ಟುವುದರೊಳಗೆ ಪೂಜೆ ಮುಗಿದು ಹುಗ್ಗಿಯ ನೈವೇದ್ಯ ಆಗಬೇಕು. ಅಣ್ಣ ನಾಲ್ಕಕ್ಕೆಲ್ಲ ತಣ್ಣೀರಿನಲ್ಲಿ ಮಿಂದು, ಹಲ್ಲು ಕಟಕಟ ಎನ್ನುತ್ತಿದ್ದರೂ ಮಂತ್ರ ತಪ್ಪದೆ ಪೂಜೆಗೆ ಕೂರುತ್ತಿದ್ದರು. ಅಮ್ಮ ಅವರಿಗಿಂತ ಮುಂಚೆ ಎದ್ದು, ಹಂಡೆಗೆ ಉರಿ ಹಾಕಿ, ತಾನು ಬಿಸಿನೀರು ಹುಯ್ದುಕೊಂಡು, ಮಡಿಯುಟ್ಟು ಹುಗ್ಗಿಗೆ ಇಡುವಳು. ನಾವು ಮಕ್ಕಳು ಹಾಸಿಗೆಯಲ್ಲೇ ಮೂಗರಳಿಸಿ, ಮೆಣಸು ಜೀರಿಗೆಯ ಒಗ್ಗರಣೆ ತುಪ್ಪದಲ್ಲಿ ಚಟಪಟ ಎಂದ ಮೇಲೆ ಏಳುವ ಭಕ್ತರು. ಒಂದು ಸಲ ನಾನು ರಗ್ಗು ಹೊದ್ದುಕೊಂಡೇ ಮಂಗಳಾರತಿಗೆ ಬಂದು, ನಿಂತಲ್ಲೇ ನಿದ್ದೆ ಹೋಗಿ, ಗಂಟೆಯ ಮೇಲೆ ಬಿದ್ದೆ. ಹುಗ್ಗಿಯಂತೂ ಎಲೆಯ ಮೇಲೆ ಬೀಳುವಾಗ ಹೊಗೆಯಾಡುತ್ತಿತ್ತು, ನಡುವೆ ಹಸಿಶುಂಠಿಯ ಚೂರು ಸಿಕ್ಕಿದರೆ ಕಣ್ಣಲ್ಲಿ ನೀರು. ಚಳಿಗಾಲವೆಂದರೆ ನನಗೆ ಈಗಲೂ ಆ ವಾಸನೆಯೇ.

ಈಗ ಅಣ್ಣನಿಲ್ಲ, ಪೂಜೆ ತಮ್ಮನ ಪಾಲಿಗೆ ಹೋಗಿದೆ. ಆದರೂ ಅಮ್ಮ ಅಬುಧಾಬಿಯ ಫ್ಲಾಟಿನಲ್ಲಿ ನಾಲ್ಕಕ್ಕೇ ಎದ್ದು, ಸ್ನಾನ ಮಾಡಿ, ಅಡುಗೆಮನೆಯ ಸ್ಟೂಲಿನ ಮೇಲೆ ಸುಮ್ಮನೆ ಕೂರುತ್ತಿದ್ದಳು. ಮಲಗಮ್ಮಾ ಎಂದರೆ, "ಅಭ್ಯಾಸ ಕಣೇ" ಎಂಬ ಒಂದೇ ಉತ್ತರ.

ಆ ವರ್ಷ ರಂಜಾನೂ ಧನುರ್ಮಾಸವೂ ಜೊತೆಯಲ್ಲೇ ಬಂದಿದ್ದವು. ಪಕ್ಕದ ಫ್ಲಾಟಿನ ಝುಬೈದಾ ಉಳ್ಳಾಲದ ಕಡೆಯವಳು. ಗಂಡನಿಗೆ ದುಬೈಯ ದೇರಾದಲ್ಲಿ ಸಾಮಾನಿನ ವ್ಯಾಪಾರ. ಉಪವಾಸ ಹಿಡಿಯುವ ಮುಂಚಿನ ಊಟಕ್ಕೆಂದು ಅವಳೂ ಅದೇ ಹೊತ್ತಿಗೆ ಏಳುತ್ತಿದ್ದಳು. ನಮ್ಮ ಬಚ್ಚಲಿನ ನೀರಿನ ಸದ್ದು ಅವಳ ಅಡುಗೆಮನೆಗೆ ಕೇಳುತ್ತಿತ್ತು. ಒಂದು ದಿನ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿಕೊಂಡಳು.

"ಅಮ್ಮನಿಗೆ ಎಂತ ಆದದ್ದು ಮಾರಾಯ್ರೆ? ಬಂದಾಗ ಹೇಗಿದ್ರು, ಈಗ ಮುಖದಲ್ಲಿ ಜೀವವೇ ಇಲ್ಲ."

ನಾನು ಎಲ್ಲ ಹೇಳಿಕೊಂಡೆ.

"ನಮ್ಮವರು ಸಾಮಾನು ತರ್ಲಿಕ್ಕೆ ಚೀನಾಕ್ಕೆ ಹೋಗುದಲ್ವಾ, ಒಂದ್ಸಲ ಅಲ್ಲಿ ಸೊಂಟ ಹಿಡಿದು ಏಳ್ಲಿಕ್ಕೇ ಆಗದೆ ಬಿದ್ದಿದ್ರು. ಅವರ ಊರಿನ ಡಾಕ್ಟ್ರು ಎಂತದೋ ಸೊಪ್ಪಿನ ಹೊಗೆ ಕೊಟ್ಟು ಎಬ್ಬಿಸಿ ಕೂರಿಸಿದ್ರು. ದೇರಾದಲ್ಲಿಯೂ ಒಬ್ರು ಇದ್ದಾರೆ, ಹೆಂಗಸು. ಒಮ್ಮೆ ತೋರಿಸಿ ಬನ್ನಿ. ಹೋಗುವುದರಲ್ಲಿ ನಷ್ಟ ಎಂತದು?"

"ಚೀನೀ ವೈದ್ಯವಾ?" ಎಂದು ಇವರು ನಕ್ಕರು. ಆದರೂ ಗುರುವಾರ ಸಂಜೆ ಕಾರು ತೆಗೆದರು. ಆಗೆಲ್ಲ ಅಬುಧಾಬಿಯಿಂದ ದುಬೈಗೆ ಹೋಗುವುದೆಂದರೆ ಒಂದು ಪ್ರಯಾಣವೇ. ನಾನು ಪುಳಿಯೋಗರೆ ಕಟ್ಟಿದ್ದೆ. ರಂಜಾನಿನ ಹಗಲಲ್ಲಿ ಡಬ್ಬಿ ಬಿಚ್ಚುವ ಹಾಗಿಲ್ಲವಾದ್ದರಿಂದ ಅದರ ವಾಸನೆಯನ್ನಷ್ಟೇ ಕುಡಿಯುತ್ತ ಹೋದೆವು. ದಾರಿಯಲ್ಲಿ ಬಾಂಗು ಕೇಳಿದ ಮೇಲೆ ಪೆಟ್ರೋಲ್ ಬಂಕೊಂದರ ಪಕ್ಕ ನಿಲ್ಲಿಸಿ ತಿಂದೆವು. ಅಮ್ಮ ಎರಡು ತುತ್ತು ತಿಂದು ಡಬ್ಬಿ ಮುಚ್ಚಿದಳು.

ದೇರಾದ ಒಂದು ಗಲ್ಲಿಯಲ್ಲಿ, ಮೊದಲ ಮಹಡಿಯಲ್ಲಿ ಕ್ಲಿನಿಕ್ಕು. ಒಳಗೆ ಒಣಗಿದ ಬೇರು, ತೊಗಟೆಗಳ ವಾಸನೆ. ಮೈಸೂರಿನ ಗ್ರಂಧಿಗೆ ಅಂಗಡಿಗೆ ಬಂದ ಹಾಗಾಗಿ ಅಮ್ಮನ ಮುಖ ಕೊಂಚ ಸಡಿಲವಾಯಿತು. ಡಾಕ್ಟರ್ ಲಿನ್ ಅವರಿಗೆ ಅಮ್ಮನದೇ ವಯಸ್ಸಿರಬಹುದು. ಗಿಡ್ಡಗೆ, ಗಟ್ಟಿಮುಟ್ಟಾಗಿದ್ದರು. ತಲೆಯಲ್ಲಿ ಒಂದು ಬಿಳಿಕೂದಲಿಲ್ಲ. "ಬಣ್ಣ ಹಾಕಿರ್ತಾಳೆ ಬಿಡು" ಎಂದು ಅಮ್ಮ ನನ್ನ ಕಿವಿಯಲ್ಲಿ ಅಂದಳು. ಅಷ್ಟು ಚುರುಕು ಅವಳಲ್ಲಿ ಎಷ್ಟೋ ದಿನದ ಮೇಲೆ ನೋಡಿದ್ದು ನಾನು.

ಡಾಕ್ಟರು ಮೊದಲು ಏನನ್ನೂ ಕೇಳಲಿಲ್ಲ. ಅಮ್ಮನ ಕೈಯನ್ನು ಪುಟ್ಟ ದಿಂಬಿನ ಮೇಲಿಟ್ಟು, ಮೂರು ಬೆರಳನ್ನು ಮಣಿಕಟ್ಟಿನ ಮೇಲೆ ಊರಿ ಕಣ್ಣು ಮುಚ್ಚಿದರು. ಬಲಗೈ ಆಯಿತು, ಎಡಗೈ ಆಯಿತು. ಒಂದು ಬೆರಳು ಒತ್ತುವರು, ಇನ್ನೊಂದು ಸಡಿಲಿಸುವರು. ಎಷ್ಟು ಹೊತ್ತಾಯಿತೆಂದರೆ ಇವರು ಎರಡು ಸಲ ಗಡಿಯಾರ ನೋಡಿಕೊಂಡರು. ನಾನು ಮಾತ್ರ ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಇಷ್ಟು ಗಮನ ಕೊಟ್ಟು ಒಬ್ಬರು ಇನ್ನೊಬ್ಬರ ಮೈಯನ್ನು ಆಲಿಸುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಗರ್ಭಗುಡಿಯ ಬಾಗಿಲಲ್ಲಿ ನಿಂತಾಗ ಆಗುತ್ತದಲ್ಲ, ಹಾಗೆ ಮೈ ಜುಮ್ಮೆಂದಿತು.

ಆಮೇಲೆ ನಾಲಿಗೆ ತೋರಿಸಲು ಹೇಳಿದರು. ಅಳಿಯನ ಎದುರಿಗೆ ನಾಲಿಗೆ ಚಾಚುವುದು ಹೇಗೆಂದು ಅಮ್ಮ ಸೆರಗು ಅಡ್ಡ ಹಿಡಿದಳು. ಇವರು ಪಾಪ ಗೋಡೆಯ ಕಡೆ ತಿರುಗಿ ನಿಂತರು.

ಡಾಕ್ಟರದು ತುಂಡು ತುಂಡು ಇಂಗ್ಲಿಷು. ಅದನ್ನು ನಾನು ಕನ್ನಡ ಮಾಡಬೇಕು, ಅಮ್ಮನದನ್ನು ಇಂಗ್ಲಿಷ್ ಮಾಡಬೇಕು.

"ಕಾಲು ತಣ್ಣಗೆ. ಮಂಡಿ ತಣ್ಣಗೆ. ಸೊಂಟ ತಣ್ಣಗೆ. ಚಳಿ ಒಳಗೆ ಹೋಗಿದೆ, ತುಂಬ ಒಳಗೆ," ಎಂದರು ಡಾಕ್ಟರು. "ಬೆಳಿಗ್ಗೆ ಯಾವಾಗ ಏಳುತ್ತಾಳೆ?"

"ನಾಲ್ಕಕ್ಕೆ."

"ಎದ್ದು?"

"ಸ್ನಾನ."

"ತಣ್ಣೀರು."

"ಇಲ್ಲ ಇಲ್ಲ, ಬಿಸಿನೀರು, ಹೀಟರಿದೆ" ಎಂದೆ ನಾನು. ಡಾಕ್ಟರು ತಲೆಯಲ್ಲಾಡಿಸಿದರು. ಮತ್ತೆ ನಾಡಿ ಮುಟ್ಟಿ, "ತಣ್ಣೀರು. ತುಂಬ ದಿನದಿಂದ" ಎಂದರು. ನನಗೆ ರೇಗಿತು. ನಮ್ಮನೆ ಬಚ್ಚಲು ನನಗೆ ಗೊತ್ತೋ ಈ ಹೆಂಗಸಿಗೆ ಗೊತ್ತೋ? ಅಮ್ಮನ ಕಡೆ ತಿರುಗಿ, "ನೀನು ಬಿಸಿನೀರಲ್ಲೇ ತಾನೇ ಸ್ನಾನ ಮಾಡೋದು?" ಅಂದೆ.

"ಹೂಂ ಕಣೇ. ಬಿಸಿನೀರಿನ ನಲ್ಲೀದೇ. ಆದ್ರೆ ಈಗೀಗ ಅದ್ರಲ್ಲಿ ಬಿಸಿ ಬರೋದೇ ಇಲ್ಲ, ಕೊರೆಯೋ ಹಾಗೆ ಬರತ್ತೆ. ಚಳಿಗಾಲ ಅಲ್ವಾ, ಇಲ್ಲಿ ಹೀಗೇ ಏನೋ ಅಂದ್ಕೊಂಡೆ."

"ಯಾವ ನಲ್ಲಿ ಅಮ್ಮಾ?"

"ನೀಲೀದು. ಅಳಿಯಂದಿರು ಹೇಳಿದ್ರಲ್ಲ, ನೀಲಿ ಬಿಸಿ, ಕೆಂಪು ತಣ್ಣಗೆ."

ಗೋಡೆಯ ಕಡೆ ತಿರುಗಿದ್ದ ಇವರು ನಿಧಾನವಾಗಿ ಇತ್ತ ತಿರುಗಿದರು. ಆ ಮುಖವನ್ನು ನೀವು ನೋಡಬೇಕಿತ್ತು. ನವೆಂಬರಿನಲ್ಲೇ ಇವರು ಹೀಟರಿನ ಸ್ವಿಚ್ಚು ಹಾಕಿದ್ದರು. ಆವತ್ತಿನಿಂದ ಕೆಂಪು ನಲ್ಲಿಯ ಹಿಂದೆ ಕೊತಕೊತ ಕಾದ ನೀರು ಸುಮ್ಮನೆ ಕೂತಿದೆ. ಅದರ ಪಕ್ಕದಲ್ಲೇ ನಮ್ಮಮ್ಮ ತಾರಸಿಯ ಮೇಲೆ ಚಳಿಗಾಳಿಗೆ ಆರಿದ ನೀರನ್ನು, ನಸುಕಿನಲ್ಲಿ, ಬಿಸಿನೀರೆಂದು ನಂಬಿ ತಲೆಯ ಮೇಲೆ ಹುಯ್ದುಕೊಳ್ಳುತ್ತಿದ್ದಾಳೆ! ಕಾಲ ಬದಲಾದಾಗ ಪಾಠವೂ ಬದಲಾಗುತ್ತದೆಂದು ಹೇಳಲು ನಾವಿಬ್ಬರೂ ಮರೆತಿದ್ದೆವು. ತೊಂದರೆ ಕೊಡಬಾರದೆಂದು ಅವಳೂ ಬಾಯಿ ಬಿಟ್ಟಿರಲಿಲ್ಲ. ಡಾಕ್ಟರಿಗೆ ಈ ನಲ್ಲಿಯ ಪುರಾಣವನ್ನು ವಿವರಿಸಿದೆ. ದುಬೈಯಲ್ಲೇ ಇದ್ದ ಅವರಿಗೆ ತಟ್ಟನೆ ಅರ್ಥವಾಗಿ, ಮೇಜು ಬಡಿದು ನಕ್ಕರು. ಅಮ್ಮನಿಗೂ ನಗು ಬಂತು. ನನಗೆ ಮಾತ್ರ ನಗು, ಅಳು, ದಂಗುಬಡಿದದ್ದು ಎಲ್ಲ ಒಟ್ಟಿಗೆ. ಮೂರು ಬೆರಳಿನಲ್ಲಿ ಈಕೆ ನಮ್ಮ ಬಚ್ಚಲಿನ ನೀರನ್ನು ಮುಟ್ಟಿಬಿಟ್ಟಿದ್ದರಲ್ಲ!

ಆಮೇಲೆ ಚಳಿಗಾಲವೆಂದರೇನು ಎಂದು ಹೇಳಿದರು. ಚಳಿಗಾಲ ಕೂಡಿಡುವ ಕಾಲವಂತೆ. ಬೀಜ ಮಣ್ಣೊಳಗೆ, ಹಾವು ಬಿಲದೊಳಗೆ, ಮನುಷ್ಯನ ಕಾವು ಸೊಂಟದ ಹತ್ತಿರ, ಕಿಡ್ನಿಯೊಳಗೆ. ಅದನ್ನು ಈಗ ಕೆದಕಬಾರದು, ಖರ್ಚು ಮಾಡಬಾರದು. ಬೇಗ ಮಲಗಬೇಕು, ಸೂರ್ಯ ಬಂದ ಮೇಲೆ ಏಳಬೇಕು. ಈಗ ಉಳಿಸಿದರೆ ವಸಂತದಲ್ಲಿ ಮೈ ಚಿಗುರುತ್ತದೆ. ನಾನು ಇದನ್ನೆಲ್ಲ ಒದ್ದಾಡಿಕೊಂಡು ಕನ್ನಡ ಮಾಡುತ್ತಿದ್ದರೆ, ಅಮ್ಮ ನಡುವೆಯೇ ಕೈಯೆತ್ತಿ, "ರಾತ್ರಿ ಒಲೇಲಿ ಕೆಂಡಕ್ಕೆ ಬೂದಿ ಮುಚ್ಚಿಡ್ತಿದ್ವಲ್ಲ, ಬೆಳಿಗ್ಗೆಗೆ ಬೇಕು ಅಂತ, ಹಾಗಾ ಕೇಳು" ಎಂದಳು. ಕೇಳಿದೆ. ಡಾಕ್ಟರು ಎದ್ದುನಿಂತು, "ಹೌದು! ನನ್ನ ಅಜ್ಜಿ ಹಾಗೇ ಮಾಡುತ್ತಿದ್ದಳು" ಎಂದು ಅಮ್ಮನ ಎರಡೂ ಕೈ ಹಿಡಿದುಕೊಂಡರು. ಒಬ್ಬರ ಭಾಷೆಯ ಒಂದಕ್ಷರ ಇನ್ನೊಬ್ಬರಿಗೆ ಬಾರದು. ನಡುವೆ ನಿಂತ ನನಗೇ ಇಬ್ಬರ ಮಾತೂ ಅರ್ಧ ತಿಳಿಯದು. ಆದರೂ ಇಬ್ಬರು ಮುದುಕಿಯರು ಒಂದೇ ಒಲೆಯ ಮುಂದೆ ಕೂತ ಹಾಗಿದ್ದರು.

ಪಥ್ಯ ಹೇಳುವಾಗ ಮಾತ್ರ ಸ್ನೇಹ ಮುರಿದುಬೀಳುವುದರಲ್ಲಿತ್ತು. ಕುರಿಮಾಂಸದ ಸೂಪು ಎಂದೊಡನೆ ಅಮ್ಮ ಬ್ಯಾಗೆತ್ತಿಕೊಂಡು ಎದ್ದಳು. ಹಾಗಾದರೆ ಕಾಳು, ಶುಂಠಿ ಹಾಕಿದ ಕಾಳಿನ ಕಟ್ಟು ಎಂದರು. ಹುರುಳಿ ಸಾರೆಂದು ಇತ್ಯರ್ಥವಾಗಿ ಮತ್ತೆ ಕೂತಳು. ಕತ್ತು, ಸೊಂಟ, ಪಾದ ಮುಚ್ಚಿರಬೇಕು. ಸಂಜೆ ಶುಂಠಿ ಹಾಕಿದ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ಫ್ರಿಜ್ಜಿನದು ಏನೂ ಬೇಡ. ಮೊಸರು ಬೇಡ. "ಮೊಸರನ್ನ ಬಿಟ್ಟು ಬದುಕಿ ಏನು ಸುಖ?" ಎಂದಳು ಅಮ್ಮ. ಚಳಿಗಾಲದಲ್ಲಿ ಮಾತೂ ಕಮ್ಮಿ ಆಡಬೇಕು, ಉಸಿರು ಉಳಿಯುತ್ತದೆ ಎಂದಾಗ ಇವರು ನನ್ನ ಮುಖವನ್ನು ಅರ್ಥಗರ್ಭಿತವಾಗಿ ನೋಡಿದರು. ಕೊನೆಯದಾಗಿ, ದಿನಾ ಬೆಳಿಗ್ಗೆ ಅಕ್ರೋಟಿನ ಜೊತೆ ಒಂದು ಹಿಡಿ ಕರಿ ಎಳ್ಳು.

ಅಮ್ಮನ ಮುಖ ಕಪ್ಪಿಟ್ಟಿತು. ಡಾಕ್ಟರು ಅದನ್ನು ಗಮನಿಸಿ, ನನ್ನನ್ನು ಪಕ್ಕಕ್ಕೆ ಕರೆದರು. "ಚಳಿಗಾಲಕ್ಕೂ ಕಿಡ್ನಿಗೂ ಸೇರಿದ ಭಾವ ಭಯ. ಇವಳೊಳಗೆ ಇರುವುದು ತಣ್ಣೀರೊಂದೇ ಅಲ್ಲ. ಯಾವುದಕ್ಕೋ ಹೆದರಿದ್ದಾಳೆ. ಯಾವುದಕ್ಕೆ?"

ನನಗೆ ಗೊತ್ತಿರಲಿಲ್ಲ. ದೇರಾದ ಮಸಾಲೆ ಪೇಟೆಯಲ್ಲಿ ಎಳ್ಳು ಕಟ್ಟಿಸಿಕೊಂಡು ಮನೆಗೆ ಬಂದೆವು.

ಕೆಂಪು ನಲ್ಲಿ ತಿರುಗಿಸಿದ ಮೇಲೆ ಎರಡೇ ದಿನಕ್ಕೆ ಅಮ್ಮನ ನಡುಕ ನಿಂತಿತು. ಹುರುಳಿ ಸಾರನ್ನು ಸುರ್ರೆಂದು ಕುಡಿದಳು. ಸಂಜೆಯಾದರೆ ಟಬ್ಬಿನಲ್ಲಿ ಕಾಲಿಳಿಬಿಟ್ಟು ಕೂರುವಳು, ಝುಬೈದಾ ಬಂದು ಪಕ್ಕದಲ್ಲಿ ತಾನೂ ಕಾಲಿಳಿಬಿಡುವಳು. "ನಂದೇನೂ ತಪ್ಪಿಲ್ಲ, ಬಿಸಿನೀರಿಗೇ ಗುಣ ಆಯ್ತು, ಇದಕ್ಕೆ ಚೀನಾ ಯಾಕೆ ಬೇಕಿತ್ತು" ಎಂದು ಇವರು ಗೆದ್ದವರಂತೆ ಓಡಾಡಿದರು. ಇರಬಹುದು. ಆದರೆ ಅಮ್ಮ ನಾಲ್ಕಕ್ಕೆ ಏಳುವುದು ನಿಲ್ಲಲಿಲ್ಲ. ಪಾದ ಮತ್ತೆ ಬೆಳಗಾಗುವುದರೊಳಗೆ ತಣ್ಣಗಾಗುತ್ತಿತ್ತು. ಎಳ್ಳಿನ ಪೊಟ್ಟಣವನ್ನಂತೂ ಮುಟ್ಟಲೇ ಇಲ್ಲ.

"ಹೋದ ವರ್ಷವೆಲ್ಲ ನಿನ್ನ ತಮ್ಮ ಇದನ್ನೇ ನೀರಿನ ಜೊತೆ ಬೆರಳ ಸಂದಿನಿಂದ ಬಿಡೋದನ್ನ ನೋಡಿದೀನಿ. ಅವರಿಗೆ ಬಿಟ್ಟಿದ್ದನ್ನ ನಾನು ತಿನ್ನೋದಾ?"

"ನಾಗರಪಂಚಮಿಗೆ ಚಿಗಳಿ ಮಾಡ್ತಿದ್ದೆಯಲ್ಲಮ್ಮ, ಇದೇ ಎಳ್ಳಲ್ಲಿ."

"ಆಗ ಅದು ಬರೀ ಎಳ್ಳಾಗಿತ್ತು" ಎಂದು ಎದ್ದುಹೋದಳು.

ವೀಸಾ ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ. ಹೀಗೇ ಕಳಿಸಿದರೆ ಮತ್ತೆ ಅವಳನ್ನು ನೋಡುವುದಿಲ್ಲವೇನೋ ಎಂಬ ದಿಗಿಲು ನನ್ನನ್ನು ಬಿಡಲಿಲ್ಲ. ಇನ್ನೊಮ್ಮೆ ದೇರಾಕ್ಕೆ ಕರೆದುಕೊಂಡು ಹೋದೆ.

ಡಾಕ್ಟರು ಎಂದಿನಂತೆ ಮೂರು ಬೆರಳು ಊರಿದರು. "ತಣ್ಣೀರು ಹೋಯಿತು. ಇನ್ನೊಂದು ಇದೆ. ಸೂರ್ಯನಿಗಿಂತ ಮೊದಲು ಯಾಕೆ ಏಳುತ್ತಾಳೆ? ಯಾರಿಗಾಗಿ?"

ನಾನು ಕನ್ನಡದಲ್ಲಿ ಕೇಳಿದೆ. ಅಮ್ಮ ನನ್ನ ಕಡೆ ನೋಡಲಿಲ್ಲ. ಡಾಕ್ಟರನ್ನೇ ನೋಡುತ್ತ, ಕನ್ನಡದಲ್ಲಿ, ಪಕ್ಕದ ಮನೆಯವಳ ಹತ್ತಿರ ಮಾತಾಡುವ ಹಾಗೆ ಶುರುಮಾಡಿದಳು.

"ಮಲಗು ಮಲಗು ಅಂತೀಯಲ್ಲಮ್ಮ, ಹೇಗೆ ಮಲಗ್ಲಿ ಹೇಳು? ಮದುವೆಯಾಗಿ ಬಂದಾಗಿನಿಂದ ಒಂದು ದಿನ ಅವರಿಗಿಂತ ಆಮೇಲೆ ಎದ್ದವಳಲ್ಲ ನಾನು. ನಾನು ದೀಪ ಹಚ್ಚಿ, ನಾಲ್ಕಾಯ್ತು ಅಂದ್ರೇನೇ ಅವರು ಏಳ್ತಿದ್ದಿದ್ದು. ಆಸ್ಪತ್ರೇಲೂ ಹಾಗೇ. ಹೊತ್ತಿಗೆ ಸರಿಯಾಗಿ ಎದ್ದು ಪಕ್ಕದಲ್ಲಿ ಕೂತಿರ್ತಿದ್ದೆ, ಕಣ್ಣು ಬಿಟ್ಟು, ನಾಲ್ಕಾಯ್ತೇನೇ ಅನ್ನೋರು. ಅದೊಂದು ದಿನ ಏನಾಯ್ತೋ ನನಗೆ. ಸುಸ್ತು. ಮಂಚಕ್ಕೆ ತಲೆ ಆನಿಸಿದ್ದೇ ನಿದ್ದೆ ಹತ್ತಿಬಿಡ್ತು. ಎಚ್ಚರ ಆದಾಗ ಕಿಟಕೀಲಿ ಬಿಸಿಲು ಬಂದಿತ್ತು. ಅವರು ಹೋಗಿಬಿಟ್ಟಿದ್ರು. ಕೂಗಿದ್ರೋ ಏನೋ. ನಾಲ್ಕಾಯ್ತೇನೇ ಅಂತ ಕೇಳಿದ್ರೋ ಏನೋ. ನನಗೆ ಗೊತ್ತೇ ಆಗ್ಲಿಲ್ಲ. ಆವತ್ತಿಂದ ಬಿಸಿಲು ಬರೋ ತನಕ ಮಲಗೋಕೆ ಭಯ ನನಗೆ."

ಇದನ್ನು ಅಮ್ಮ ನನಗೆ ಹೇಳಿರಲಿಲ್ಲ. ತಮ್ಮನಿಗೂ ಹೇಳಿರಲಿಲ್ಲ. ಆದರೂ ದುಭಾಷಿಯ ಕೆಲಸವಲ್ಲವೇ, ಇಂಗ್ಲಿಷ್ ಮಾಡಲು ಬಾಯಿ ತೆರೆದೆ. ಡಾಕ್ಟರು ಬಿಡುವಾಗಿದ್ದ ಕೈಯೆತ್ತಿ, ಬೇಡವೆಂದು ನನ್ನನ್ನು ತಡೆದರು. ಇನ್ನೊಂದು ಕೈಯ ಮೂರು ಬೆರಳು ಅಮ್ಮನ ನಾಡಿಯ ಮೇಲೇ ಇತ್ತು. ಅಷ್ಟು ಹೊತ್ತೂ ಅಲ್ಲೇ ಇತ್ತು. ಅಮ್ಮ ಅತ್ತಳು. ಅಣ್ಣ ಹೋದಾಗಲೂ ಅವಳು ಹಾಗೆ ಜೋರಾಗಿ ಅತ್ತಿರಲಿಲ್ಲ. ಡಾಕ್ಟರು ಸಮಾಧಾನ ಮಾಡಲಿಲ್ಲ, ಬೆರಳು ತೆಗೆಯಲಿಲ್ಲ. ಅಳು ತಾನಾಗಿ ಇಳಿದ ಮೇಲೆ ಎದ್ದುಹೋಗಿ ಒಂದು ಲೋಟ ಬಿಸಿನೀರು ತಂದು ಅಮ್ಮನ ಕೈಗಿತ್ತು, ನನಗೆ ಇಷ್ಟೇ ಹೇಳಿದರು: "ನಾಡಿ ಮೇಲೆ ಬಂತು."

ಈ ವಿದ್ಯೆ ನಿಜವೋ ಸುಳ್ಳೋ, ಕಿಡ್ನಿಯಲ್ಲಿ ಭಯ ಇರುತ್ತದೋ ಇಲ್ಲವೋ ನನಗೆ ತಿಳಿಯದು. ಇವರ ಜೊತೆ ವಾದ ಮಾಡಿ ಇವತ್ತಿಗೂ ಗೆದ್ದಿಲ್ಲ. ನಾನು ಕಣ್ಣಾರೆ ಕಂಡದ್ದು ಇಷ್ಟು. ಅಮ್ಮನ ಮಾತು ಒಂದೂ ತಿಳಿಯದ ಒಬ್ಬ ಹೆಂಗಸು ಅವಳನ್ನು ಪೂರ್ತಿಯಾಗಿ ಕೇಳಿಸಿಕೊಂಡಳು. ಆ ಬೆರಗು ಇನ್ನೂ ನನ್ನನ್ನು ಬಿಟ್ಟಿಲ್ಲ.

ಮನೆಗೆ ಬಂದ ಮೇಲೆ ಅಮ್ಮ ತಾನಾಗಿಯೇ ಬಾಣಲೆ ಇಟ್ಟಳು. ಎಳ್ಳು ಚಟಚಟ ಸಿಡಿಯುವ ಸದ್ದಿಗೆ ನಾನು ಅಡುಗೆಮನೆಗೆ ಓಡಿದೆ. ಬೆಲ್ಲ, ಏಲಕ್ಕಿ ಹಾಕಿ ಕುಟ್ಟಿ, ಉಂಡೆ ಕಟ್ಟಿ, ಒಂದನ್ನು ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದಳು.

"ಅವರಿಗೆ ಬಿಟ್ಟಿದ್ದು ಅವರಿಗೆ. ಇದು ನಂದು" ಎಂದಳು. "ತಗೋ, ನೀನೂ ತಿನ್ನು. ಆ ಹುಡುಗಿ ಝುಬೈದಾಗೂ ಎರಡು ಕೊಟ್ಟು ಬಾ, ಉಪವಾಸ ಬಿಡುವಾಗ ತಿನ್ಲಿ."

ಮಾರನೆಯ ದಿನವೂ ಅವಳು ಕತ್ತಲಲ್ಲೇ ಎದ್ದಳು. ಅದರ ಮಾರನೆಯ ದಿನ ಸ್ವಲ್ಪ ತಡ. ಹೀಗೆ ಕೆಲವು ದಿನ ಕಳೆಯಿತು. ಒಂದು ಬೆಳಿಗ್ಗೆ ನಾನು ಏಳುವಾಗ ಮನೆಯಲ್ಲಿ ಸದ್ದೇ ಇರಲಿಲ್ಲ. ಅಡುಗೆಮನೆಯ ಸ್ಟೂಲು ಖಾಲಿ. ಬಚ್ಚಲ ನೆಲ ಒಣಗಿತ್ತು. ಹಮ್ದಾನ್ ಸ್ಟ್ರೀಟಿನ ಕಟ್ಟಡಗಳ ನಡುವಿನಿಂದ ಬಿಸಿಲು ಒಳಗೆ ಬಂದು ನಡುಮನೆಯ ಅರ್ಧದವರೆಗೂ ಬಿದ್ದಿತ್ತು. ಅಮ್ಮನ ಕೋಣೆಯ ಬಾಗಿಲು ತಳ್ಳಿದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಲೆಯ ತನಕ ಹೊದಿಕೆ. ಉಸಿರಾಡುತ್ತಿದ್ದಾಳೋ ಇಲ್ಲವೋ ಹೊದಿಕೆಯ ಮೇಲಿಂದ ತಿಳಿಯಲಿಲ್ಲ. ಮಂಚದ ತುದಿಗೆ ಕೂತು, ಹೊದಿಕೆಯೊಳಗೆ ಕೈ ತೂರಿಸಿ ಅವಳ ಪಾದ ಹಿಡಿದೆ.

ಬೆಚ್ಚಗಿತ್ತು. ಒಲೆಯಿಂದ ಆಗತಾನೆ ಇಳಿಸಿದ ರೊಟ್ಟಿಯಷ್ಟು ಬೆಚ್ಚಗಿತ್ತು.

ಅಮ್ಮ ಮಿಸುಕಿದಳು. "ಯಾಕೇ, ಕಾಲು ಹಿಡ್ಕೊಂಡು ಕೂತಿದೀಯಾ? ಬಿಸಿಲು ಬಂತಾ?"

"ಬಂತಮ್ಮ. ಆಗಲೇ ಬಂತು."

ಕಿವಿಗೊಟ್ಟು ಏನನ್ನೋ ಕೇಳಿಸಿಕೊಳ್ಳುವವಳಂತಿದ್ದಳು. ಆಮೇಲೆ ಪಾದವನ್ನು ನನ್ನ ಕೈಯಲ್ಲೇ ಬಿಟ್ಟು, ಹೊದಿಕೆಯನ್ನು ಕತ್ತಿನ ಸುತ್ತ ಎಳೆದುಕೊಂಡಳು.

"ಬರ್ಲಿ ಬಿಡು" ಎಂದಳು. "ಇನ್ನೊಂದು ಸ್ವಲ್ಪ ಮಲಗ್ತೀನಿ."